ಕೈ ಹಾಕಬೇಡ, ನಿಕಾನೋರ್

ಭಾನುವಾರ ನೀನು ಮಾಡಿದ್ದು ಇಷ್ಟು:
ತೊಟ್ಟಿಯ ಕಲ್ಲುಗಳನ್ನೆಲ್ಲ ಎತ್ತಿ
ಅಂಗಳದ ನಲ್ಲಿಯಡಿ ಉಜ್ಜಿ ಉಜ್ಜಿ ತೊಳೆದೆ,
ಹಲ್ಲುಜ್ಜುವ ಬ್ರಷ್ಷಿನಲ್ಲಿ, ಅದೂ ನನ್ನದರಲ್ಲಿ.
ಸೋಸುವ ಸ್ಪಂಜು ಕಪ್ಪಗಾಗಿದೆಯೆಂದು
ಬಿಸಾಕಿ, ಹೊಸದು ತುರುಕಿದೆ.
ಹಬ್ಬಕ್ಕೆ ಮನೆ ತೊಳೆದವನ ಮುಖ ನಿನಗೆ.

ಮಂಗಳವಾರಕ್ಕೆ ನೀರು
ಚುನ್ಯೊ ಆಲೂಗಡ್ಡೆ ನೆನೆಹಾಕಿದ ಪಾತ್ರೆಯ ಹಾಗೆ ಬೆಳ್ಳಗೆ.
ಎರಡು ಕಿತ್ತಳೆ ಮೀನು
ಮಂಜಿನಲ್ಲಿ ಬರುವ ಮಿನಿಬಸ್ಸಿನ ದೀಪಗಳಂತೆ
ಒಮ್ಮೆ ಇದ್ದವು, ಒಮ್ಮೆ ಇಲ್ಲ.

ಅಲ್ಲಿಂದ ಶುರು ನಿನ್ನ ಗಡಿಬಿಡಿ.
ಅರ್ಧ ನೀರು ಚೆಲ್ಲಿದೆ, ಮತ್ತೆ ಉಪ್ಪು ಕಲಸಿದೆ,
ಇಕೀಕೆಯಿಂದ ಲಾರಿಯವನು ತಂದುಕೊಟ್ಟ ಬಕೆಟ್ಟು,
ಮುಚ್ಚಳದ ಮೇಲೆ ನೀಲಿ ಅಲೆ.
ಮುತ್ತಜ್ಜನ ಕಾಲಕ್ಕೆ ಕೈತಪ್ಪಿದ ಕಡಲನ್ನು
ಕಿಲೋ ಲೆಕ್ಕದಲ್ಲಿ, ಚೌಕಾಸಿ ಮಾಡಿ,
ಅವರಿಂದಲೇ ಕೊಳ್ಳುತ್ತೀಯಲ್ಲೋ
ಎಂದು ನಿನ್ನಣ್ಣ ಲುಸ್ಯಾನೊ ಗೊಣಗಿದ.
ಉಯುನಿಯಲ್ಲಿ ರಾಶಿ ಬಿದ್ದಿದೆಯಲ್ಲ, ಅದನ್ನೇ ಸುರಿ ಅಂದ.
ಸದ್ಯ, ಅದೊಂದನ್ನು ನೀನು ಕೇಳಲಿಲ್ಲ.
ಒಂದು ಬಾಟಲಿಯಿಂದ ಏನೋ ಹಾಕಿದೆ,
ಇನ್ನೊಂದು ಬಾಟಲಿಯಿಂದ ಇನ್ನೇನೋ.
ನೀರು ತಿಳಿಯಲಿಲ್ಲ. ನಿನಗೂ.

ಮೀನಿನಂಗಡಿಯ ಪೆತ್ರೊನಾ ಫೋನಿನಲ್ಲಿ ನಕ್ಕಳು:
ಆ ಕಪ್ಪು ಕೊಳೆಯೇ ನಿಮ್ಮ ಮನೆಯ ಆಳುಕಾಳು.
ಎಲ್ಲರನ್ನೂ ಒಂದೇ ದಿನ ಓಡಿಸಿದಿರಿ.
ಈಗ ಬಂದಿರುವವರು ಕೆಲಸಕ್ಕಲ್ಲ,
ಊಟದ ವಾಸನೆ ಹಿಡಿದು ನುಗ್ಗಿದವರು.
ಇರುವ ಉಸಿರನ್ನೆಲ್ಲ ಅವರೇ ಕುಡಿಯುತ್ತಾರೆ.

ರಾತ್ರಿ ಮೀನುಗಳು ಮೇಲೆ ಬಂದು
ನೀರಿನ ಅಂಚಿಗೆ ತುಟಿಯಿಟ್ಟು
ಬಾಯಿ ತೆರೆದವು, ಮುಚ್ಚಿದವು, ತೆರೆದವು.
ಆ ಬಾಯಿ ನನಗೆ ಗೊತ್ತು.
ಹನ್ನೊಂದು ವರ್ಷದಿಂದ
ಬಸ್ ನಿಲ್ದಾಣದೆದುರಿನ ಲಾಡ್ಜಿನ ಕೌಂಟರಿನಲ್ಲಿ,
ತಗ್ಗಿನೂರುಗಳಿಂದ ಹತ್ತಿಬಂದವರು
ರಿಜಿಸ್ಟರಿನಲ್ಲಿ ತಮ್ಮ ಹೆಸರಿನ ಅರ್ಧಕ್ಕೇ ನಿಂತು
ಹೀಗೆ ಬಾಯಿ ಬಿಡುವುದನ್ನು ನೋಡಿದ್ದೇನೆ.
ಅವರಿಗೆ ಹೇಳುವುದನ್ನೇ ಹೇಳಿದೆ:
ಇವತ್ತು ಊಟ ಬೇಡ. ಓಡಾಟ ಬೇಡ.
ಕಿಟಕಿ ತೆರೆದಿಡಿ. ಎರಡು ದಿನ ಸುಮ್ಮನಿರಿ.

ಮೀನಿಗಲ್ಲ, ನಿನಗೆ.

ದೀಪ ನಾನೇ ಆರಿಸಿದೆ.
ಪಂಪಿನ ಮೂತಿಯನ್ನು ಮೇಲಕ್ಕೆ ತಿರುಗಿಸಿದೆ,
ನೀರಿನ ಮುಖ ನಡುಗುವಷ್ಟು.
ಎಲ್ ಆಲ್ತೊದಲ್ಲಿ ಗಾಳಿಯೇ ತೆಳು,
ಅದರಲ್ಲಿ ನೀರಿಗೆಷ್ಟು ಪಾಲು ಕೊಟ್ಟೇವು?
ಮೀನಿನೂಟದ ಡಬ್ಬಿ ನನ್ನ ಜೊತೆ ಕೆಲಸಕ್ಕೆ ಬಂತು.
ಕಡಲು ಕಂಡಿಲ್ಲದ ನನ್ನ ಕೈಚೀಲ
ವಾರವಿಡೀ ಸೀಗಡಿ ನಾತ ಹೊಡೆಯಿತು.

ಬುಧವಾರ ನೀನು ಕುರ್ಚಿ ಎಳೆದು ಕೂತೆ,
ಎರಡೂ ಕೈ ತೊಡೆಯಡಿ ಒತ್ತಿಕೊಂಡು,
ಇಂಜೆಕ್ಷನ್ನಿಗೆ ಕಾದ ಹುಡುಗನ ಹಾಗೆ.
ಗುರುವಾರವೂ ಬೆಳ್ಳಗೆ. ನನ್ನ ಮೇಲೆ ರೇಗಿದೆ.
ಶುಕ್ರವಾರ ಮಾತಿಲ್ಲ.

ಶನಿವಾರ ಬೆಳಗ್ಗೆ,
ಚಹಾಕ್ಕಿಟ್ಟ ನೀರು ಇನ್ನೂ ಗುನುಗುತ್ತಿರುವಾಗ,
ತೊಟ್ಟಿಯಾಚೆಗಿನ ಗೋಡೆ ಕಂಡಿತು.
ಗೋಡೆಯ ಬಿರುಕು. ಬಿರುಕಿಗೆ ನೀನು ಮೆತ್ತಿದ ಸಿಮೆಂಟು.
ಈಚೆಗೆ, ಕಲ್ಲಿನ ಸಂದಿಯಲ್ಲಿ,
ವಾರದಿಂದ ಮನೆಯೆಲ್ಲ ಹುಡುಕಿದ್ದ
ನನ್ನ ಹಸಿರು ಬ್ರಷ್ಷು.
ಎರಡು ಮೀನೂ ಅದರ ಸುತ್ತ ಸುಳಿಯುತ್ತಿದ್ದವು,
ಬಾಡಿಗೆಗೆ ಕೋಣೆ ನೋಡಲು ಬಂದ ದಂಪತಿಗಳಂತೆ.

ನೀನು ಅಂಗಿಯ ತೋಳೇರಿಸಿ ಬಂದೆ.
ಇರಲಿ ಬಿಡು, ಅಂದೆ ನಾನು.
ಸೋಮವಾರದವರೆಗೆ ಅಲ್ಲೇ ಇರಲಿ.