ಏಪ್ರನ್ನಿನ ಗಂಟು

ಕುತೈಸಿಯ ನಮ್ಮ ಬೀದಿಯಲ್ಲಿ ಮೊದಲು ಏಳುವವನು ನಾನೇ.
ಮೂರಕ್ಕೆಲ್ಲ ಹಿಟ್ಟು ಕಾಯುತ್ತಿರುತ್ತದೆ
ಉಬ್ಬಿ, ಬಟ್ಟೆಯಡಿ ಉಸಿರಾಡುತ್ತ.
ಮಗಳ ನಿದ್ದೆ ಕೆಡದಿರಲೆಂದು ಬೂಟು ಕೈಲಿ ಹಿಡಿದು
ಬೆಕ್ಕಿನ ಹೆಜ್ಜೆಯಲ್ಲಿ ದಾಟುತ್ತಿದ್ದೆ ಅವಳ ಬಾಗಿಲು.
ಎಷ್ಟು ತಿಂಗಳು ದಾಟಿದೆನೋ ಹೀಗೆ!
ಬಾಗಿಲಡಿಯ ಆ ನೀಲಿ ಗೆರೆಯನ್ನು
ಬೀದಿದೀಪ ಅಂದುಕೊಂಡಿದ್ದೆ.

ನಮ್ಮ ಬೀದಿಯ ದೀಪ ಹಳದಿ.
ಅದೂ ಕೆಟ್ಟು ಎರಡು ವರ್ಷ.

ತೆಕ್ಲೆಗೆ ಹದಿನಾಲ್ಕು.
ಫೋನು ಕೊಡಿಸಿದ್ದು ನಾನೇ, ಸಾಲ ಮಾಡಿ,
ಅವಳಮ್ಮ ಲಾಮಾರಾ ಇಟಲಿಗೆ ಹೊರಟ ವಾರ.
ನೇಪಲ್ಸಿನಲ್ಲಿ ಯಾರದೋ ಅಜ್ಜಿಗೆ ತುತ್ತಿಡುತ್ತಾಳೆ ಈಗ,
ಮಾತ್ರೆ ಎಣಿಸುತ್ತಾಳೆ, ಮಗ್ಗುಲು ಹೊರಳಿಸುತ್ತಾಳೆ.
ರಾತ್ರಿ ಒಂಬತ್ತಕ್ಕೆ ಅಂಗೈಯಗಲದ ಗಾಜಿನಲ್ಲಿ ಬಂದು
ಜಡೆ ತೋರಿಸು, ಅನ್ನುತ್ತಾಳೆ ಮಗಳಿಗೆ.
ಆ ಫೋನು ಬರೀ ಫೋನಲ್ಲ.
ಗೊತ್ತಿದ್ದೂ

ಕಿತ್ತುಕೊಂಡೆ.
ಗೋಡೆಯ ವೈಫೈ ತಂತಿಯನ್ನು ಕತ್ತರಿಯಲ್ಲಿ ಕಚಕ್ಕನೆ.
ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಶೂರ!
ಬೈದೆ. ನನ್ನಪ್ಪ ನನಗೆ ಬೈದ ಅದೇ ಮಾತು, ಅದೇ ಕ್ರಮದಲ್ಲಿ.
ಅವಳು ಅಳಲಿಲ್ಲ.
ಅಮ್ಮನನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿದೆಯಲ್ಲ, ಅಂದಳು.
ಮೂರನೆಯ ದಿನ ಎದುರುಮನೆಯ ಮೆಟ್ಟಿಲಲ್ಲಿ, ಹಿಮದಲ್ಲಿ,
ಯಾರದೋ ಹಳೆ ಫೋನು ಹಿಡಿದು ಕೂತಿದ್ದಳು. ತುಟಿ ನೀಲಿ.
ಮರಳಿ ಕೊಟ್ಟೆ.
ಸೋತು ಕೊಟ್ಟದ್ದು, ತಿಳಿದು ಕೊಟ್ಟದ್ದಲ್ಲ.

ತೋನೆ ಅಂದರೆ ನೆಲದಲ್ಲಿ ಹೂತ ಒಲೆ, ಬಾವಿಯ ಹಾಗೆ.
ನಾದಿದ ಹಿಟ್ಟನ್ನು ದೋಣಿಯಂತೆ ಎಳೆದು
ಸೊಂಟದವರೆಗೆ ಒಳಗೆ ಬಗ್ಗಿ ಗೋಡೆಗೆ ಬಡಿಯಬೇಕು.
ನನ್ನ ಮೊಣಕೈವರೆಗೆ ರೋಮವಿಲ್ಲ, ಮೂವತ್ತು ವರ್ಷದಿಂದ.
ಏಳು ವರ್ಷದ ತೆಕ್ಲೆ, ನಾನೂ ಬಡೀತೀನಿ, ಅಂದಾಗ
ಒಲೆಗೆ ಬೀಗ ಹಾಕಲಿಲ್ಲ ನಾನು.
ಬೆಂಕಿ ಸುಡುವುದಿಲ್ಲ ಎಂದು ಸುಳ್ಳೂ ಹೇಳಲಿಲ್ಲ.
ಅವಳ ಏಪ್ರನ್ನಿನ ಗಂಟನ್ನು ಹಿಂದಿನಿಂದ ಮುಷ್ಟಿಯಲ್ಲಿ ಹಿಡಿದು
ಬಗ್ಗು, ಅಂದೆ. ಇಷ್ಟು ಸಾಕು, ಅಂದೆ. ಈಗ ಏಳು.
ಮೊದಲ ರೊಟ್ಟಿ ಬೂದಿಗೆ ಬಿತ್ತು. ನಕ್ಕೆವು.

ಈ ಇನ್ನೊಂದು ಒಲೆಗೆ ಬಗ್ಗಿದಾಗ
ಗಂಟು ಯಾರ ಕೈಲೂ ಇರಲಿಲ್ಲ.

ಫೆಬ್ರವರಿಯ ಒಂದು ನಸುಕಿಗೆ ತಾನೇ ಬಂದಳು ಅಂಗಡಿಗೆ,
ಮಲಗುವ ಉಡುಪಿನ ಮೇಲೆ ನನ್ನ ಕೋಟು.
ಅಪ್ಪಾ, ಬೈಯಲ್ಲ ಅಂತ ಮೊದಲು ಮಾತು ಕೊಡು.
ಹದಿನಾರರ ಹುಡುಗ, ಬಾತುಮಿಯವನು, ಗಿಟಾರು ನುಡಿಸುವವನು,
ಹುಡುಗನಲ್ಲವಂತೆ. ಬಾತುಮಿಯೂ ಸುಳ್ಳೇನೋ.
ಯಾರಿಗೂ ಹೇಳದ್ದನ್ನೆಲ್ಲ ಅವನಿಗೆ ಹೇಳಿದ್ದಳು, ಅಮ್ಮನ ಬಗ್ಗೆ,
ರಾತ್ರಿಗಳ ಬಗ್ಗೆ, ನನ್ನ ಬಗ್ಗೆಯೂ ಇರಬೇಕು.
ಶನಿವಾರ ರೈಲು ನಿಲ್ದಾಣಕ್ಕೆ ಒಬ್ಬಳೇ ಬಾ,
ಬರದಿದ್ದರೆ ಇದೆಲ್ಲ ನಿನ್ನ ಶಾಲೆಗೆ.

ತೋನೆಯಲ್ಲಿ ಹನ್ನೆರಡು ರೊಟ್ಟಿ ಇದ್ದವು.
ನಾಲಿಗೆಯ ತುದಿಗೆ ಅಪ್ಪನ ಬೈಗುಳಗಳು ಸಾಲಾಗಿ ಬಂದು ನಿಂತವು.
ನುಂಗಿದೆ, ಕೆಂಡ ನುಂಗಿದ ಹಾಗೆ.
ಕೂತ್ಕೋ, ಅಂದೆ. ಹಿಟ್ಟಿನ ಮೂಟೆಯ ಮೇಲೆ ಕೂತಳು.
ಹನ್ನೆರಡೂ ಸೀದವು.
ಮೂವತ್ತು ವರ್ಷದಲ್ಲಿ ಮೊದಲ ಸಲ
ಸೀದ ವಾಸನೆಗೆ ನಾನು ಏಳಲಿಲ್ಲ.

ಏನನ್ನೂ ಅಳಿಸಬೇಡಿ, ಉತ್ತರ ಬರೆಯಬೇಡಿ, ಅಂದರು ನಾತೇಲಾ ಟೀಚರ್.
ಠಾಣೆಯ ಹೆಂಗಸು ಪರದೆಯ ಫೋಟೋ ತೆಗೆದಳು, ಒಂದೊಂದಾಗಿ.
ನಾನು ಕಿಟಕಿಯಾಚೆಯ ರಿಯೋನಿ ನದಿ ನೋಡುತ್ತ ನಿಂತೆ,
ಮಗಳ ಮಾತುಗಳು ಮಗಳವು.
ತಿರುಗುವಾಗ ಒಂದೇ ಒಂದು ಸಾಲು ಕಣ್ಣಿಗೆ ಬಿತ್ತು:
ಅಪ್ಪನಿಗೆ ಹೇಳಿದರೆ ಕೂಗಾಡುತ್ತಾನೆ.

ಈಗ ರಾತ್ರಿ ಹತ್ತಕ್ಕೆ ಎರಡೂ ಫೋನು
ರೊಟ್ಟಿಯ ಬುಟ್ಟಿಯಲ್ಲಿ ಮಲಗುತ್ತವೆ.
ಫುಟ್‌ಬಾಲಿನ ದಿನ ನನ್ನದೇ ಮೊದಲು ತಪ್ಪಿಸಿಕೊಳ್ಳುತ್ತದೆ,
ಅವಳು ಕಿವಿ ಹಿಂಡಿ ಹಿಡಿದು ತರುತ್ತಾಳೆ.

ಎಲ್ಲ ಸರಿಹೋಯಿತು ಅನ್ನಲಾರೆ.
ನಿನ್ನೆ ಮೂರಕ್ಕೆ ಮತ್ತೆ ಆ ಗೆರೆ.
ಬೂಟನ್ನು ಬೇಕೆಂದೇ ಸದ್ದಾಗುವಂತೆ ಕೆಳಗಿಟ್ಟೆ.
ಬಾಗಿಲು ಬಡಿದೆ, ಹಿಟ್ಟಿನ ಹದ ನೋಡುವಷ್ಟು ಮೆತ್ತಗೆ.
ಅಮ್ಮ ಇದ್ದಾಳೆ, ಅಂದಳು ಒಳಗಿಂದ,
ಆ ಅಜ್ಜಿಗೆ ನಿದ್ದೆ ಬರ್ತಿಲ್ಲವಂತೆ. ಅಮ್ಮನಿಗೂ.

ಅಗುಳಿ ಹಾಕಿರಲಿಲ್ಲ.
ಹಿಟ್ಟು ಕಾಯಲಿ ಇನ್ನೊಂದಿಷ್ಟು ಎಂದು
ಮಂಚದ ತುದಿಯಲ್ಲಿ ಕೂತೆ.