ಕಾಲೂರಿದರೆ ಫೇಲು

ಚಳ್ಳಕೆರೆಯ ಎಣ್ಣೆ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ
ಶೇಂಗಾ ಒಣಗಿಸುವ ಸಿಮೆಂಟು ಅಂಗಳಗಳು ಉಳಿದವು.
ಅಂಥದೊಂದರಲ್ಲಿ, ಬೆಳಗಿನ ಆರಕ್ಕೆ,
ಮೆಕ್ಯಾನಿಕ್ ಖಲಂದರ ಇಟ್ಟಿಗೆ ಜೋಡಿಸುತ್ತಾನೆ,
ಹೆಜ್ಜೆಯಲ್ಲಿ ಅಳೆದು,
ಅಳೆದದ್ದು ಸಾಲದೆಂದು ಒಂದನ್ನು ಕಾಲಿನಿಂದ ಇನ್ನೂ ಒಳಕ್ಕೆ ದೂಡಿ.
"ಇಷ್ಟ್ರಾಗೇ ತಿರುಗ್ಬೇಕು, ಪಾಲಕ್ಕ. ಕಾಲೂರಿದ್ರೆ ಫೇಲು."

ನನಗೆ ನಲವತ್ತಾರು.
ಹಟ್ಟಿಯಿಂದ ಹಟ್ಟಿಗೆ ಹೋಗಿ ಕುರಿಗಳಿಗೆ ಸೂಜಿ ಹಾಕುವುದು ಕೆಲಸ.
ಹೆಗಲಲ್ಲಿ ಐಸಿನ ಡಬ್ಬಿ, ಡಬ್ಬಿಯಲ್ಲಿ ಕರುಳುಬೇನೆಯ ಲಸಿಕೆ.
ಲೈಸೆನ್ಸ್ ತೋರಿಸಿದರೆ ಪೆಟ್ರೋಲಿನ ದುಡ್ಡು ಎಂದರು ಆಫೀಸಿನವರು.
ಬಸ್ಸಿಗೆ ಕಾದು ಕಾದು ಐಸು ಎಷ್ಟು ಸಲ ನೀರಾಗಿದೆ,
ಅದನ್ನು ಯಾರೂ ಬರೆದುಕೊಂಡಿಲ್ಲ.

ಮೊದಲ ವಾರ ಇಟ್ಟಿಗೆಗಳೇ ನನ್ನನ್ನು ಎಳೆದವು.
ಯಾವುದನ್ನು ಮುಟ್ಟಬಾರದೋ ಅದನ್ನೇ ನೋಡುತ್ತಿದ್ದೆ,
ಯಾವುದನ್ನು ನೋಡಿದೆನೋ ಅದಕ್ಕೇ ಹೋಗಿ ಗುದ್ದಿದೆ.
ಮೊಣಕಾಲಿಗೆ ಅರಿಸಿನ. ಗಾಡಿಯ ಕನ್ನಡಿಗೆ ಟೇಪು.
ಎಮ್ಮೆಯ ಹಾಗೆ ಇದು, ಒಮ್ಮೆ ಮಲಗಿತೋ
ಏಳಿಸಲು ಇಬ್ಬರು ಬೇಕು.

"ಹಾಫ್ ಕ್ಲಚ್ಚು. ಹಿಂದಿನ ಬ್ರೇಕು ಸವರಿದಂಗೆ.
ಕಣ್ಣು ಎತ್ತ, ಗಾಡಿ ಅತ್ತ."
ಕಿವಿಗೆ ಬಿತ್ತು, ಮೈಗೆ ಇಳಿಯಲಿಲ್ಲ.

ಇಳಿದದ್ದು ದೊಡ್ಡೇರಿ ಕಡೆಯ ಒಂದು ರೊಪ್ಪದಲ್ಲಿ.
ಸೂಜಿ ಕಂಡ ಟಗರೊಂದು ಬೇಲಿಯ ಮೂಲೆಗೆ ಸಿಕ್ಕಿ
ತನ್ನುದ್ದದ ಜಾಗದಲ್ಲೇ ತಿರುಗಿ ಓಡಿತು.
ಮೊದಲು ಮೂತಿ. ಆಮೇಲೆ ಕತ್ತು. ಆಮೇಲೆ ಸೊಂಟ.
ಬಾಲ ಕಡೆಗೆ, ಮನಸ್ಸಿಲ್ಲದ ನೆಂಟನ ಹಾಗೆ.
ಬೇಲಿಯನ್ನು ಅದು ನೋಡಲೇ ಇಲ್ಲ.
ಇಪ್ಪತ್ತು ವರ್ಷ ಕುರಿ ಹಿಡಿದಿದ್ದೇನೆ,
ಹಿಡಿಯಬೇಕಾದ ಕಾಲನ್ನಷ್ಟೇ ನೋಡಿದ್ದೆ.

ಆದರೂ ದುರ್ಗದ ಪರೀಕ್ಷೆಯಲ್ಲಿ ಎರಡನೇ ತಿರುವಿಗೆ
ಚಪ್ಪಲಿಯ ತುದಿ ನೆಲಕ್ಕೆ ತಾಗಿತು. ತುದಿ, ಅಷ್ಟೇ.
ಎಂಟು ಹಾಕಲು ಹೋದವಳ ಹೆಸರಿನ ಮುಂದೆ
ಇನ್ಸ್‌ಪೆಕ್ಟರು ತಲೆ ಎತ್ತದೆ ಇಂಟು ಹಾಕಿದರು.
"ಏಳು ದಿನ ಬಿಟ್ಟು ಬಾರಮ್ಮ."
ದೂರದ ಗುಡ್ಡದ ಮೇಲೆ ಗಾಳಿ ಫ್ಯಾನುಗಳು
ಒಂಟಿಕಾಲು ಊರಿಕೊಂಡೇ ತಿರುಗುತ್ತಿದ್ದವು.
ಅವುಗಳನ್ನು ಯಾರು ಪಾಸು ಮಾಡಿದರೋ.

ಕಾಲೂರು, ಕಾಲೂರು ಎಂದೇ ಕೇಳಿ ಬೆಳೆದವಳು ನಾನು.
ಕುರಿಯ ಹಿಂದೆ ಹೊರಟ ಅಪ್ಪನಿಗೆ ಅವ್ವ ಅಂದದ್ದು,
ಅಕ್ಕಿಕಾಳು ಹಾಕಿದವರು ನನಗೆ ಅಂದದ್ದು,
ಅವನನ್ನು ಬಿಟ್ಟು ಬಂದಾಗ, ತಟ್ಟೆಯಿಂದ ಕಣ್ಣೆತ್ತದೆ, ಅಣ್ಣ ಅಂದದ್ದು:
ಎಲ್ಲಾದರೂ ಒಂದು ಕಡೆ ಕಾಲೂರೇ.
ಈಗ ಈ ಎರಡು ಪಾದಕ್ಕೆ ಬೇರೆ ಪಾಠ.
ಗೇರಿನ ಮೇಲೊಂದು, ಬ್ರೇಕಿನ ಮೇಲೊಂದು,
ನೆಲ ಒಂದು ಗೇಣು ಕೆಳಗೆ ಸುಮ್ಮನೆ ಜಾರುತ್ತಿರುತ್ತದೆ.

ರಾತ್ರಿಯ ಇಬ್ಬನಿಯಲ್ಲಿ ಚಕ್ರದ ಗುರುತು ಕಂಡು
ಖಲಂದರನ ಮಗಳು ಜೈನಬಿ, ಮೂರನೇ ಕ್ಲಾಸು, ಕೈ ಅಡ್ಡ ಆಡಿಸಿದಳು.
"ಇದು ಇಂಗ್ಲಿಷಿಂದು. ನಮ್ಮ ಮಿಸ್ಸು ಹೇಳಿಕೊಟ್ಟಿದ್ದು ಇದಲ್ಲ."
ಇಟ್ಟಿಗೆಯ ಚೂರಿನಿಂದ ಬರೆದಳು: ೮.
ಇಳಿಯಿತು, ತಳದಲ್ಲಿ ಹೊರಳಿತು, ಮೇಲೆದ್ದು ಹೋಯಿತು.
ಬಾಯಿ ಮುಚ್ಚಲಿಲ್ಲ.
"ಅದು ಎಂಟಲ್ಲವ್ವ, ಯೂ ಟರ್ನು," ಎಂದ ಅವರಪ್ಪ.
ಇಬ್ಬರೂ ನನ್ನ ಮುಖ ನೋಡಿದರು, ತೀರ್ಪಿಗೆ.
ನಾನು ಕಿಕ್ಕರ್ ಒದ್ದೆ.

ನಾಳೆಗೆ ಏಳು ದಿನ.
ತೂಕ ಅಭ್ಯಾಸವಾಗಲೆಂದು ಡಬ್ಬಿಯನ್ನು ಹಿಂದೆ ಕಟ್ಟಿದ್ದೇನೆ.
ಪ್ರತಿ ತಿರುವಿಗೂ ಒಳಗೆ ಖಾಲಿ ಸೀಸೆಗಳು ಕಿಣಿಕಿಣಿ ಎಂದವು,
ಐದನೆಯದಕ್ಕೆ ಎನ್ನಲಿಲ್ಲ.
ಆಗ ನಾನು ನೋಡುತ್ತಿದ್ದದ್ದು
ಗೇಟಿನಾಚೆ ಟೀ ಅಂಗಡಿಯವನು
ಷಟರ್ ಎತ್ತುತ್ತಿದ್ದನ್ನು.