ಸೆರಗಿನ ಹೆಪ್ಪು

ಲಕ್ಕಡ ಬಂದರಿನಲ್ಲಿ ಜೂನ್ ಮೊದಲ ವಾರ.
ಟಾರ್ಪಾಲಿನ ಕೆಳಗೆ ದಿಮ್ಮಿಗಳು, ಕಡಲು ದಾಟಿ ಬಂದವು,
ಇನ್ನೂ ಒದ್ದೆ.
ನನ್ನ ಕೆಲಸ ಉದ್ದ, ಸುತ್ತಳತೆ, ದರ್ಜೆ:
ಒಂದಕ್ಕೆ ಬಿಳಿ ಸೀಮೆಸುಣ್ಣ, ಎರಡಕ್ಕೆ ಕೆಂಪು.

ಈ ದಿಮ್ಮಿಯ ಮೈತುಂಬ ಶ್ಯಾವಿಗೆ.
ಒಳಗಿನಿಂದ ಯಾರೋ ಒತ್ತಿ ಒತ್ತಿ ಹೊರಬಿಟ್ಟ
ಹಿಟ್ಟಿನ ಎಳೆ, ಉಸಿರು ತಾಕಿದರೆ ಪುಡಿ.
'ಮರ ತಿನ್ನೋ ಹುಳ' ಎಂದೆ.
ಗರಗಸದ ಮಕಬೂಲ್ ಚಾಚಾ ನಕ್ಕ:
'ತಿನ್ನೋದಾದರೆ ಹೊರಗೇಕೆ ಚೆಲ್ಲುತ್ತಿತ್ತು?'

ಸೀಳಿ ತೋರಿಸಿದ.
ಸೂಜಿ ದಪ್ಪದ ಓಣಿ,
ಗೋಡೆಗೆ ಕಾಡಿಗೆ ಬಳಿದಷ್ಟು ಕಪ್ಪು,
ಕಪ್ಪಿನ ಮೇಲೆ ತೆಳ್ಳನೆ ಬಿಳಿ ಬೂಷ್ಟು,
ನಡುವೆ ಎಳ್ಳಿಗಿಂತ ಚಿಕ್ಕವಳು, ಒಬ್ಬಳೇ.
ಹೆಣ್ಣೇ ಬರುವುದಂತೆ. ಗಂಡಿಗೆ ಹಾರಲು ಬಾರದು.
ತವರಿನ ಬೂಷ್ಟನ್ನು ಮೈಯೊಳಗಿನ ಚೀಲದಲ್ಲಿ ತಂದು
ಕೊರೆದ ಗೋಡೆಗೆ ಬಿತ್ತಿ, ಕಳೆ ತೆಗೆದು,
ಮಕ್ಕಳಿಗೆ ಅದನ್ನೇ ಉಣಿಸುತ್ತಾಳೆ.
ಮರ ಬರೀ ಹೊಲ. ಊಟ ಬೇರೆ.
'ಇವಳು ಸತ್ತರೆ ಕೆಲವೇ ದಿನ,
ಕಂಡಕಂಡ ಬೂಷ್ಟು ನುಗ್ಗುತ್ತದೆ' ಎಂದ ಚಾಚಾ,
ಕೊಡಲಿ ಒರೆಸುತ್ತ.

ಅವ್ವನನ್ನು ಇದರೊಳಗೆ ಎಳೆಯಬಾರದೆಂದುಕೊಂಡೆ.
ಬಂದಳು.
ರೋಣದಿಂದ ಕುರ್ಲಾಕ್ಕೆ, ಜನರಲ್ ಡಬ್ಬಿಯಲ್ಲಿ,
ಮಜ್ಜಿಗೆಯಲ್ಲಿ ಅದ್ದಿ ಒಣಗಿಸಿದ ಅರಿವೆಯ ಚೂರು
ಸೆರಗಿನ ಗಂಟಿನಲ್ಲಿ.
ಮೊದಲ ರಾತ್ರಿ ಮಲಗಲಿಲ್ಲ:
'ಇಲ್ಲೀ ಹಾಲಿಗೆ ನಮ್ಮ ಹೆಪ್ಪ ಕೂಡತೈತೋ ಇಲ್ಲೋ',
ಪಾತ್ರೆಯ ಹೊಟ್ಟೆ ಮುಟ್ಟಿ ಮುಟ್ಟಿ ನೋಡಿದಳು,
ಜ್ವರದ ಕೂಸಿನ ಹಣೆ ಮುಟ್ಟಿದ ಹಾಗೆ.
ಕೂಡಿತು.
ಇಪ್ಪತ್ತೊಂದು ವರುಷ ಕೂಡುತ್ತಲೇ ಇತ್ತು,
ಅಕ್ಕಪಕ್ಕದ ಖೋಲಿಗಳೂ ಬಟ್ಟಲು ಹಿಡಿದು ಬರುತ್ತಿದ್ದವು.

ಅವಳು ಸಾಯನ್ ಆಸ್ಪತ್ರೆ ಸೇರಿದ ವಾರ
ನಾನು ಮರೆತೆ.
ಪಾತ್ರೆ ತೆರೆದರೆ ಹಸಿರು, ಕಿತ್ತಳೆ, ಒಂದು ಕಡೆ ಕೂದಲಿನಂತೆ ಕರಿ.
ಮೋರಿಗೆ ಚೆಲ್ಲಿ ಎರಡು ಸಲ ತೊಳೆದೆ.
ಈಗ ಪ್ಯಾಕೆಟ್ಟಿನ ಮೊಸರು.

ನಾಳೆ ಈ ದಿಮ್ಮಿ ಭಟ್ಟಿಗೆ.
ತೇವ ಆರಿದರೆ ತೋಟವೂ ಆರಿತು;
ಉಳಿಯುವುದು ಹಲಗೆಯ ಮೇಲಿನ ಕರಿ ಚುಕ್ಕಿ,
ಗಿರಾಕಿ ಬೆರಳಿಟ್ಟು ದರ ಇಳಿಸುವ ಜಾಗ.

ಕೆಂಪು ಗೀಟು ಎಳೆಯುತ್ತಿದ್ದೆ.
ಹೆಬ್ಬೆರಳ ಪಕ್ಕದ ತೂತಿನಿಂದ ಒಬ್ಬಳು ಹೊರಬಂದು
ಕ್ಷಣ ನಿಂತು, ರೆಕ್ಕೆ ಬಿಚ್ಚಿ
ಟಾರ್ಪಾಲಿನ ಆಚೆ ಹಾರಿದಳು.
'ಹಿಡಿ, ಹಿಡಿ!' ಚಾಚಾ ಕೂಗಿದ,
ರಸ್ತೆ ಬದಿಯ ಮಳೆಮರಗಳ ಕಡೆ ಕೈ ತೋರಿಸಿ,
ಪೈಪಿಗೆಂದು ಬೇರು ಕಡಿಸಿಕೊಂಡು ನಿಂತವುಗಳ ಕಡೆ.

ಹಿಡಿಯಬಹುದಿತ್ತು.
ಕೈಯಲ್ಲಿ ಸೀಮೆಸುಣ್ಣ ಇತ್ತಲ್ಲ, ಎಂದೆ.